ಹೊಸ ಸಿಸ್ಟಮ್‌ಗೆ ನಾನು ಬರೆದ ಶಿಫಾರಸು

ಅವರ ಹುಬ್ಬುಗಳಲ್ಲಿ ಸದಾ ಹತ್ತಿಯ ದೂಳು ಇರುತ್ತಿತ್ತು. ಇಪ್ಪತ್ತು ವರ್ಷ ಮಿಲ್ಲಿನ ಹತ್ತಿ ಬೆರೆಸುವ ವಿಭಾಗದಲ್ಲಿದ್ದು ಕಂಪ್ಯೂಟರ್ ಕೋಣೆಗೆ ಬಂದವರು. ಬಂದ ಮೇಲೂ ಬೆಳಿಗ್ಗೆ ಮೊದಲು ಅಲ್ಲಿಗೇ ಹೋಗಿ ಹತ್ತಿ ಮೂಟೆಗಳ ಬೇಲುಗಳನ್ನು ಮುಟ್ಟಿ ನೋಡುತ್ತಿದ್ದರು. ಆಮೇಲೆ ನಮ್ಮ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒದ್ದೆ ಟವೆಲಿನಿಂದ ಮುಖ ಒರೆಸಿಕೊಳ್ಳುವರು. ಹುಬ್ಬು ಮಾತ್ರ ಬೆಳ್ಳಗೇ ಉಳಿಯುತ್ತಿತ್ತು.

ಪೆರಿಯನಾಯಕನಪಾಳ್ಯದ ಆ ನೂಲಿನ ಮಿಲ್ಲಿನಲ್ಲಿ ಅವರು ಕಂಪ್ಯೂಟರ್ ಇನ್‌ಚಾರ್ಜ್. ನಾನು ಎಂ.ಎಸ್ಸಿ. ಮುಗಿಸಿ ಅವರ ಕೈಕೆಳಗೆ ಸೇರಿದವಳು. ಮಿಲ್ಲಿನಲ್ಲೆಲ್ಲ ತಮಿಳು, ನಾವಿಬ್ಬರೇ ಇದ್ದಾಗ ಅವರು ಸೋಮನೂರಿನ ನೇಕಾರರ ಮನೆಯ ಕನ್ನಡಕ್ಕೆ ಇಳಿಯುತ್ತಿದ್ದರು.

ಯಾವ ಬೇಲಿನ ಹತ್ತಿ ಯಾವ ಲಾಟಿನ, ಅಂದರೆ ಯಾವ ಕಂತಿನ, ನೂಲಾಯಿತು ಎಂದು ತೋರಿಸುವ ಪ್ರೋಗ್ರಾಮನ್ನು ಅವರೇ ಪುಸ್ತಕ ನೋಡಿ ಕಲಿತು ಬರೆದಿದ್ದರು. ಎರಡು ಲಾಟಿನ ನೂಲು ಬೆರೆತರೆ, ತಿರುಪ್ಪೂರಿನಲ್ಲಿ ಬನಿಯನ್ ಬಟ್ಟೆಗೆ ಬಣ್ಣ ಹಾಕಿದಾಗ ಪಟ್ಟೆ ಏಳುತ್ತದೆ. ಆ ಪ್ರೋಗ್ರಾಮ್ ಬಂದ ಮೇಲೆ ಒಂದು ಪಟ್ಟೆಯೂ ಎದ್ದಿರಲಿಲ್ಲ.

ಹೊಸ ಆಪರೇಟಿಂಗ್ ಸಿಸ್ಟಮ್ ಮಾರಲು ಬಂದವನು ಬೂಟು ಕಳಚದೆ ಒಳಗೆ ಬಂದ. ಅವನ ಸೆಂಟಿನ ವಾಸನೆ ಏಸಿ ಕೋಣೆಯಲ್ಲಿ ಎರಡು ದಿನ ಕೊಳೆಯಿತು. ಹಳೆಯದನ್ನೂ ಉಳಿಸಿಕೊಳ್ಳಬಹುದೇ ಎಂದು ಇನ್‌ಚಾರ್ಜ್ ಕೇಳಿದ್ದಕ್ಕೆ, "ಪಳಸು ಎದುಕ್ಕುಂಗ ಸಾರ್?" ಎಂದು ನಕ್ಕ. ಹಳೆಯದು ಯಾಕೆ ಬೇಕು ಎಂದು ಮ್ಯಾನೇಜರರೂ ನಕ್ಕರು. ಪಕ್ಕದ ಮಿಲ್ಲಿನವರು ಆಗಲೇ ಹೊಸದು ಹಾಕಿಸಿದ್ದರಲ್ಲ.

ಅವರಿಬ್ಬರೂ ಹೋದ ಮೇಲೆ ಇನ್‌ಚಾರ್ಜ್ ನನಗೆ ಹೇಳಿದರು: "ಮಗ್ಗದಾಗ ಹಾಸಿನ ಪಾವು ಮುಗಿದ್ರೆ ಹಳೇ ಎಳೇನ ಕಿತ್ತು ಬಿಸಾಕ್ತಾರಾ ಅಮ್ಮಣಿ? ಹಳೇದ್ರ ತುದಿಗೆ ಹೊಸದ ಒಂದೊಂದಾಗಿ ಗಂಟು ಹಾಕ್ತಾರೆ. ಇದನ್ನೂ ಹಂಗೇ, ಹಳೇದ ಅಳಿಸದೆ, ಒಂದು ತಿಂಗ್ಳು ಫ್ಲಾಪಿಯಾಗ ಓಡಿಸಿ ನೋಡೋಣ."

ಆದರೆ ಓದಿದವಳೆಂದು ಮ್ಯಾನೇಜರ್ ಅಭಿಪ್ರಾಯ ಕೇಳಿದ್ದು ನನ್ನನ್ನು. ಮೂರು ಪುಟ ಇಂಗ್ಲಿಷಿನಲ್ಲಿ ಬರೆದೆ. ಯಾವುದನ್ನೂ ಪರೀಕ್ಷಿಸಲಿಲ್ಲ, ಮಾರುವವನ ಕರಪತ್ರವನ್ನೇ ಮಾತು ಬದಲಿಸಿ ಇಳಿಸಿದೆ. 'ಸಂಸ್ಥೆಯ ಮುನ್ನಡೆಗೆ ಅನಿವಾರ್ಯ' ಎಂಬ ಸಾಲೂ ಅದರದೇ.

ಹಳೆಯ ಸಿಸ್ಟಮನ್ನು ಅಳಿಸಿ ಹೊಸದನ್ನು ಹಾಕಿದರು. ಹೊಸದರಿಂದ ಸಿಕ್ಕಿದ್ದು ತೆರೆಯ ಮೇಲೊಂದು ಬಣ್ಣದ ಪಟ್ಟಿ. ಮೆಮೊರಿಯ ಬಹುಪಾಲನ್ನು ಅದೇ ನುಂಗಿದ್ದರಿಂದ ಅವರ ಪ್ರೋಗ್ರಾಮಿಗೆ ಜಾಗವಿಲ್ಲದೆ ಅದು ಶುರುವಾಗಲೇ ಇಲ್ಲ. ಹಳೆಯದನ್ನೇ ಹಾಕೋಣವೆಂದು ಇನ್‌ಚಾರ್ಜ್ ಕೇಳಿಕೊಂಡರು. ಕಂಪ್ಯೂಟರ್ ನೋಡಲು ಅತಿಥಿಗಳು ಬರುತ್ತಾರೆ, ಆಮೇಲೆ ನೋಡೋಣ ಎಂದರು ಮ್ಯಾನೇಜರ್. ಅತಿಥಿಗಳು ಬಂದು, ಬಣ್ಣ ನೋಡಿ ಹೋದರು. ಅಷ್ಟರಲ್ಲಿ ಎರಡು ವಾರ ಲಾಟಿನ ಚೀಟಿಗಳನ್ನು ಕೈಯಲ್ಲಿ ಬರೆದಿದ್ದೆವು, ಎಲ್ಲೋ ತಪ್ಪಿತ್ತು. ತಿರುಪ್ಪೂರಿನಿಂದ ನೀಲಿ ಬಟ್ಟೆ ಪಟ್ಟೆ ಪಟ್ಟೆಯಾಗಿ ವಾಪಸು ಬಂತು.

ಮ್ಯಾನೇಜರ್ ನನ್ನ ಶಿಫಾರಸನ್ನು ಮೇಜಿನ ಮೇಲಿಟ್ಟು ಇದಕ್ಕೆ ಯಾರು ಹೊಣೆ ಎಂದರು. ನಾನು ಬಾಯಿ ತೆರೆಯುವ ಮುಂಚೆ ಇನ್‌ಚಾರ್ಜ್, ತಾವೇ ಹೇಳಿ ಬರೆಸಿದ್ದೆಂದರು. ಶುದ್ಧ ಸುಳ್ಳು. ಬಾಯಿ ತೆರೆಯಲು ಆಮೇಲೂ ಸಮಯವಿತ್ತು. ನಾನು ತೆರೆಯಲಿಲ್ಲ.

ಅವರನ್ನು ಬೇಲಿನ ಗೋಡೌನಿಗೆ ಹಾಕಿದರು. ಹೊರಗೆ ಬಂದು, "ಯಾಕೆ ಸಾರ್ ಹಂಗೆ ಹೇಳಿದ್ರಿ?" ಎಂದೆ.

"ನೀನು ಈಗ ತಾನೆ ವೇಲೆಗೆ ಸೇರಿದ್ದೀ. ನಂಗೆ ರಿಟೈರಾಗಾಕೆ ಇನ್ನ ಎರಡೇ ವರ್ಷ," ಎಂದರು. ಆಮೇಲೆ, "ಇಂಗ್ಲಿಷ್ ಮಾತ್ರ ಜೋರಾಗಿ ಬರೆದಿದ್ದೀ ಬುಡು."

ತಿಂಗಳೊಳಗೆ ಮ್ಯಾನೇಜರ್ ಹಳೆಯ ಸಿಸ್ಟಮನ್ನೇ ಸದ್ದಿಲ್ಲದೆ ವಾಪಸು ಹಾಕಿಸಿದರು. ಇನ್‌ಚಾರ್ಜರ ಪ್ರೋಗ್ರಾಮ್ ಮೊದಲಿನಂತೆ ಓಡಿತು. ಅವರ ಕುರ್ಚಿಯಲ್ಲಿ ಕೂತು ಅದನ್ನು ಓಡಿಸಿದವಳು ನಾನು.

ಎರಡು ವರ್ಷ ತುಂಬುವ ಮೊದಲೇ, ಎದೆಯ ಕಾಯಿಲೆಯಿಂದ ಅವರು ತೀರಿಕೊಂಡರು. ಹದಿನಾರನೆಯ ದಿನದ ಕರ್ಮ ಕಳೆದ ಮೇಲೆ ಸೋಮನೂರಿಗೆ ಹೋಗಿ ಅವರ ಹೆಂಡತಿಗೆ ನಡೆದದ್ದೆಲ್ಲ ಹೇಳಿದೆ. ಆಕೆ ಕೊನೆಯವರೆಗೂ ಕೇಳಿದರು.

"ತಪ್ಪು ನಂದೇ ಅಂತ ನಂಗೂ ಹೇಳಿದ್ರು ಅಮ್ಮಣಿ. ಈ ವಯಸ್ಸಾಗ ಇದೆಲ್ಲ ನಿಮಗೆ ಬೇಕಿತ್ತಾ ಅಂತ ನಾನೂ ದಿನಾ ಬೈದೆ."

ಅಷ್ಟು ಹೇಳಿ ಒಳಗೆ ಹೋಗಿ ಕಾಫಿ ತಂದುಕೊಟ್ಟರು. ಕುಡಿದೆ.