ನಡುಕಟ್ಟಿನ ತುದಿ

ಬಾಡಿದ ಮಲ್ಲಿಗೆಯ ವಾಸನೆಗೆ ಸಾಂಬ್ರಾಣಿ ಹೊಗೆ ಬೆರೆತರೆ ಎಲ್ಲರಿಗೂ ದೇವಸ್ಥಾನ ನೆನಪಾಗುತ್ತದಂತೆ. ನನಗೆ ಮಾತ್ರ ಜೋಗುಪಾಳ್ಯದ ಅಜ್ಜಿಮನೆಯ ಬಾಣಂತಿ ಕೋಣೆ ನೆನಪಾಗುತ್ತದೆ. ಕೋಣೆ ಅಂದರೆ ದೊಡ್ಡದಾಗಿ ಕಲ್ಪಿಸಿಕೊಳ್ಳಬೇಡಿ. ಒಂದು ಹಗ್ಗದ ಮಂಚ, ಕೆಳಗೆ ಕೆಂಡದ ಕುಂಡ, ಗಾಳಿ ಬರಬಾರದೆಂದು ಗೋಣಿ ತಾಟು ಹೊಡೆದ ಒಂದು ಕಿಟಕಿ, ಅಷ್ಟೇ. ಅಜ್ಜಿಯ ಕಡೆಯವರು ಹಲಸೂರಿನ ಹಳೇ ರೈತರು. ಇಂದಿರಾನಗರದಲ್ಲಿ ಈಗ ಕಾಫಿಗೆ ಊಟದ ದುಡ್ಡು ಕೇಳುವ ಅಂಗಡಿಗಳಿರುವ ಕಡೆ ರಾಗಿ ಬೆಳೆದಿದ್ದವರು. ಹೊಲ ಹೋಗಿ ಆಗಲೇ ಒಂದು ತಲೆಮಾರು ಕಳೆದಿತ್ತು. ಆದರೂ ಅಜ್ಜಿ ಬೆಳಗ್ಗೆ ಎದ್ದವಳೇ ಸೆರಗನ್ನು ಸೊಂಟಕ್ಕೆ ಸುತ್ತಿ ಬಿಗಿದು, ಕಳೆ ಕೀಳಲು ಹೊರಟವಳ ಹಾಗೆ ಅಡುಗೆಮನೆಗೆ ಹೋಗುತ್ತಿದ್ದಳು. ಅಮ್ಮ ಕೆಲಸಕ್ಕೆ ಹೋಗುತ್ತಿದ್ದಳಾದ್ದರಿಂದ ನಾನು ಬೆಳೆದದ್ದೇ ಆ ಮನೆಯಲ್ಲಿ.

ನಮ್ಮ ಬೀದಿಯಲ್ಲಿ ಯಾರಿಗೆ ಹೆರಿಗೆಯಾದರೂ ನಡುಕಟ್ಟು ಕಟ್ಟಲು ಅಜ್ಜಿಗೇ ಕರೆ ಬರುತ್ತಿತ್ತು. ಹೆತ್ತವಳ ಸಡಿಲಾದ ಹೊಟ್ಟೆ, ಸೊಂಟ ಮತ್ತೆ ಬಿಗಿಯಾಗಲೆಂದು ಸುತ್ತುವ ಉದ್ದನೆಯ ಬಟ್ಟೆ ಅದು. ತಾತನ ಹಳೇ ಪಂಚೆಯನ್ನು ಉದ್ದಕ್ಕೆ ಸೀಳಿ, ಒಂದಕ್ಕೊಂದು ಸೇರಿಸಿ ಹೊಲಿದು, ಒಗೆದು ಒಗೆದು ಮೆತ್ತಗೆ ಮಾಡಿ, ಸಾಂಬ್ರಾಣಿ ಹೊಗೆ ಹಿಡಿದು ಇಟ್ಟಿರುತ್ತಿದ್ದಳು. ಕಟ್ಟುವುದಕ್ಕೂ ಒಂದು ಕ್ರಮವಿತ್ತು. ಬಾಣಂತಿ ಒಂದು ತುದಿಯನ್ನು ಹೊಟ್ಟೆಗೆ ಒತ್ತಿಕೊಂಡು ಗೋಡೆಯ ಹತ್ತಿರ ನಿಲ್ಲಬೇಕು. ಇನ್ನೊಂದು ತುದಿಯನ್ನು ಬಾಗಿಲ ಬಳಿ ಒಬ್ಬರು ಬಿಗಿಯಾಗಿ ಎಳೆದು ಹಿಡಿದಿರಬೇಕು. ಅವಳು ತನ್ನ ಸುತ್ತ ತಾನೇ ತಿರುಗುತ್ತಾ, ಬಟ್ಟೆಯನ್ನು ಮೈಗೆ ಸುತ್ತಿಕೊಳ್ಳುತ್ತಾ ಹತ್ತಿರ ಬರಬೇಕು. ಅಜ್ಜಿ ಪಕ್ಕದಲ್ಲಿ ನಿಂತು ಮಡಿಕೆ ಸರಿಮಾಡುತ್ತಾ, ಬೇಕಾದ ಕಡೆ ಅದುಮುತ್ತಾ ಬರುತ್ತಿದ್ದಳು. ಬಾಗಿಲ ಬಳಿಯ ತುದಿ ಹಿಡಿಯುವ ಕೆಲಸ ನನ್ನದು. ಸುತ್ತು ಮುಗಿಯುವ ಹೊತ್ತಿಗೆ ಬಾಣಂತಿಯ ಹೊಟ್ಟೆ ನನ್ನ ಮೂಗಿಗೆ ತಾಗುವಷ್ಟು ಹತ್ತಿರ ಇರುತ್ತಿತ್ತು. ಎಲ್ಲರೂ ನಗುತ್ತಿದ್ದರು, ಹೆತ್ತವಳೂ ನೋವಲ್ಲೇ ನಗುತ್ತಿದ್ದಳು.

ಆ ಬಟ್ಟೆಗೆ ಬೀದಿಯಲ್ಲಿ ಮನೆಗೊಂದು ಹೆಸರು. ಎದುರುಮನೆಯ ತಮಿಳರು ಹೊಟ್ಟೆಯ ಹೆಸರು ಹಿಡಿದು ಕರೆಯುತ್ತಿದ್ದರು, ನಾವು ಸೊಂಟದ ಹೆಸರು ಹಿಡಿದು. ಪಕ್ಕದ ಮನೆಯ ಮೆಹರ್ ಖಾಲಾ ಮಾತ್ರ ಕಮರ್‌ಬಂದ್ ಅನ್ನುತ್ತಿದ್ದಳು. ಅವಳ ಅಪ್ಪ ದಂಡಿನ, ಅಂದರೆ ಕಂಟೋನ್ಮೆಂಟಿನ, ಯಾವುದೋ ಕ್ಲಬ್ಬಿನಲ್ಲಿ ಊಟ ಬಡಿಸುತ್ತಿದ್ದವನು. ತಲೆಗೆ ರುಮಾಲು, ಬಿಳೀ ಕೋಟಿನ ಮೇಲೆ ಸೊಂಟಕ್ಕೆ ಕೆಂಪು ಪಟ್ಟಿ. ಆ ಪಟ್ಟಿಯ ಹೆಸರನ್ನೇ ಅವಳು ಬಾಣಂತಿಯರ ಬಟ್ಟೆಗೂ ತಂದಿದ್ದಳು. ಹಾಗಂದರೇನು ಎಂದು ನಾನು ಒಮ್ಮೆ ಕೇಳಿದೆ. ಕಮರ್ ಅಂದರೆ ನಡು, ಬಂದ್ ಅಂದರೆ ಕಟ್ಟು, ಫಾರ್ಸಿ ಮಾತು ಅಂತ ತನ್ನಪ್ಪ ಹೇಳುತ್ತಿದ್ದ ಎಂದಳು. ಅಜ್ಜಿ ಎಲೆ ಅಡಿಕೆ ಮೆಲ್ಲುತ್ತಾ, "ಹಂಗಾದ್ರೆ ಎರಡೂ ಒಂದೇ ಆಯ್ತಲ್ಲ. ನಿಮ್ಮಪ್ಪ ಬಡಿಸೋಕ್ ಕಟ್ಕೊಂಡ, ನಾವು ಹೆತ್ತು ಕಟ್ಕೊಂಡ್ವಿ," ಅಂದಳು. ಆ ಮಾತಿಗೆ ಖಾಲಾ ಎಷ್ಟು ನಕ್ಕಳೆಂದರೆ ಅವಳ ಕೈಯ ಚಹಾ ಸೀರೆಯ ಮೇಲೆ ಚೆಲ್ಲಿತು.

ನಗು ಅಲ್ಲಿಗೆ ಸಾಕು. ತೊಂಬತ್ತರ ದಶಕದ ನಡುವೆ, ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ, ಚಿಕ್ಕಮ್ಮ ಚೊಚ್ಚಲ ಹೆರಿಗೆಗೆ ಬಾಣಸವಾಡಿಯ ಗಂಡನ ಮನೆಯಿಂದ ಬಂದಳು. ಅಮ್ಮನ ತಂಗಿ, ನನಗೆ ಜಡೆ ಹಾಕುತ್ತಿದ್ದವಳು, ಪೋಲಿ ಹಾಡು ಕಲಿಸಿ ಅಜ್ಜಿಯಿಂದ ಬೈಸಿಕೊಳ್ಳುತ್ತಿದ್ದವಳು. ಅಜ್ಜಿ ಅವಳಿಗಾಗಿ ಹೊಸದೊಂದು ನಡುಕಟ್ಟು ಹೊಲಿದಿದ್ದಳು. ಆಸ್ಪತ್ರೆಗೆ ಹೋದ ಚಿಕ್ಕಮ್ಮ ಎರಡು ದಿನ ಬಿಟ್ಟು ಬರಿಗೈಯಲ್ಲಿ ಆಟೋದಿಂದ ಇಳಿದಳು. ಮಗು ಹೊಟ್ಟೆಯಲ್ಲೇ ಹೋಗಿತ್ತು. ಹೆಣ್ಣು ಎಂದು ಯಾರೋ ಪಿಸುಗುಟ್ಟಿದ್ದು ಕೇಳಿಸಿತು. ನನಗೆ ಯಾರೂ ಏನೂ ಹೇಳಲಿಲ್ಲ. ಕಟ್ಟಿದ್ದ ತೊಟ್ಟಿಲನ್ನು ತಾತ ಬಿಚ್ಚುತ್ತಿದ್ದ, ಅದನ್ನು ನೋಡಿ ತಿಳಿದುಕೊಂಡೆ.

ಚಿಕ್ಕಮ್ಮನ ಅತ್ತೆ ಬಂದಿದ್ದರು. ಮಗುವೇ ಇಲ್ಲದ ಮೇಲೆ ಬಾಣಂತನ ಎಂಥದ್ದು, ನಾಲ್ಕು ದಿನ ಮಲಗಿಸಿ ಕಳಿಸಿಕೊಡಿ ಎಂದರು. ಕೆಟ್ಟ ಹೆಂಗಸಲ್ಲ, ಲೋಕ ಹೇಳುವುದನ್ನೇ ಹೇಳಿದರು. ಅಜ್ಜಿ ಎದ್ದು ಬಚ್ಚಲಿಗೆ ಹೋದಳು. ಹಂಡೆಗೆ ನೀರು ತುಂಬಿ ಒಲೆ ಹಚ್ಚಿದಳು. ಎಣ್ಣೆ ನೀರು ಹಾಕಿ, ಧೂಪ ಹಾಕಿ, ಚಿಕ್ಕಮ್ಮನನ್ನು ಗೋಡೆಯ ಬಳಿ ನಿಲ್ಲಿಸಿ, ನನ್ನನ್ನು ಕರೆದಳು. ನಾನು ಬಾಗಿಲ ಬಳಿ ಹೋಗಿ ತುದಿ ಹಿಡಿದೆ. ಚಿಕ್ಕಮ್ಮ ಬಟ್ಟೆಯನ್ನು ನೋಡಿದಳು.

"ಯಾರಿಗೋಸ್ಕರ ಕಟ್ಟೋದಮ್ಮ ಇದನ್ನ?"

"ನಿಂಗೇ ಕಣೇ," ಅಂದಳು ಅಜ್ಜಿ. "ಮಗು ಇದ್ರೂ ಹೆತ್ತಿದ್ದೇ, ಇಲ್ದಿದ್ರೂ ಹೆತ್ತಿದ್ದೇ."

ಚಿಕ್ಕಮ್ಮ ಎರಡು ಸುತ್ತು ತಿರುಗಿದಳು. ನನ್ನ ಕಡೆ ಬೆನ್ನು ಬಂದಾಗ ನಿಂತುಬಿಟ್ಟಳು. ಬೆನ್ನು ಅದುರುತ್ತಿದ್ದುದು ಬಟ್ಟೆಯ ಉದ್ದಕ್ಕೂ ಹರಿದು ನನ್ನ ಕೈಗೆ ಬರುತ್ತಿತ್ತು. ಹತ್ತಿರ ಹೋಗಬೇಕು ಅನ್ನಿಸಿತು, ಹೋದರೆ ಬಟ್ಟೆ ಸಡಿಲಾಗುತ್ತದೆ. ಅಜ್ಜಿ ಅವಳನ್ನು ತಿರುಗಿಸಲೂ ಇಲ್ಲ, ಸಮಾಧಾನ ಮಾಡಲೂ ಇಲ್ಲ. ನನ್ನ ಕಡೆ ನೋಡಿ, ತುದಿ ಬಿಡಬೇಡ ಎಂದಷ್ಟೇ ಹೇಳಿದಳು. ಬೆರಳು ಸೋತು ಮರಗಟ್ಟುವವರೆಗೆ ಹಾಗೆ ಹಿಡಿದೇ ನಿಂತೆ. ಕೊನೆಗೆ ಅವಳು ಮಿಕ್ಕ ಸುತ್ತು ತಿರುಗಿ ನನ್ನ ಹತ್ತಿರ ಬಂದಾಗ ಅವಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಮಾರನೇ ದಿನ ಹಾಲು ಬಂತು. ಕುಡಿಯುವ ಬಾಯಿ ಇಲ್ಲವೆಂದು ಮೈಗೆ ಯಾರು ಹೇಳಬೇಕು? ಜ್ವರ ಏರಿತು. ಮೆಹರ್ ಖಾಲಾ ಶಿವಾಜಿನಗರದ ಮಾರ್ಕೆಟ್ಟಿಗೆ ಹೋಗಿ ಬಾಳೆ ಎಲೆಯ ತುಂಬ ಮಲ್ಲಿಗೆ ದಂಡೆ ತಂದಳು. ಚಿಕ್ಕಮ್ಮನ ಮುಡಿಗೆಂದು ತಿಳಿದು ನಾನು ಹೇರ್‌ಪಿನ್ ಹುಡುಕಿಕೊಂಡು ಹೋದೆ. ಹಿಂತಿರುಗಿ ಬಂದರೆ ಇಬ್ಬರೂ ಮುದುಕಿಯರು ಆ ಹೂವನ್ನು ಅವಳ ಎದೆಗೆ ಇಟ್ಟು ಬಟ್ಟೆ ಬಿಗಿಯುತ್ತಿದ್ದರು. ಹಾಗೆ ಕಟ್ಟಿದರೆ ಹಾಲು ಬತ್ತುತ್ತದಂತೆ. ಸಂಜೆಗೆ ಹೂ ಕಂದಿ, ಕೋಣೆಯೆಲ್ಲ ಅದೇ ವಾಸನೆ. ನಾನು ಪಿನ್ನು ಹಿಡಿದುಕೊಂಡು ಹೊರಗೆ ಬಂದು ಜಗಲಿಯಲ್ಲಿ ಕೂತೆ.

ಹಾಲು ಬತ್ತಿತು, ಮೈ ಗಟ್ಟಿಯಾಯಿತು, ಚಿಕ್ಕಮ್ಮ ಬಾಣಸವಾಡಿಗೆ ಹೋದಳು. ನಡುಕಟ್ಟನ್ನೂ ಒಯ್ದಳು. ಮತ್ತೆ ಬಸುರಿಯಾಗಲಿಲ್ಲ. ಒಂದು ನಾಮಕರಣದಲ್ಲಿ ಅವಳು ಮಗು ನೋಡಲು ಬಗ್ಗಿದ್ದನ್ನು ಕಂಡು ಯಾರೋ ತೊಟ್ಟಿಲಿನ ಮೇಲೆ ಸೆರಗು ಎಳೆದರಂತೆ. ಅವತ್ತಿನಿಂದ ಅವಳು ಅಂಥ ಮನೆಗಳಿಗೆ ಹೋಗುವುದನ್ನೇ ಬಿಟ್ಟಳು. ಅಜ್ಜಿ ಸಿಕ್ಕಸಿಕ್ಕವರಿಗೆಲ್ಲ ಶಾಪ ಹಾಕಿದಳು. ಅದಕ್ಕಿಂತ ಹೆಚ್ಚಿಗೆ ಅವಳ ಕೈಲಿ ಏನೂ ಆಗಲಿಲ್ಲ. ಆ ಕೊರಗಿನಲ್ಲೇ ತೀರಿಕೊಂಡಳು. ಜೋಗುಪಾಳ್ಯದ ಮನೆ ಒಡೆದು ನಾಲ್ಕು ಮಹಡಿ ಎದ್ದಿತು, ಖಾಲಾ ಮಗನ ಹಿಂದೆ ಯಾವುದೋ ಬಡಾವಣೆಗೆ ಹೋದಳು. ನನ್ನ ಮದುವೆಗೆ ಗಂಡಿನ ಸೂಟು ಹೊಲಿಸಲು ಕಮರ್ಷಿಯಲ್ ಸ್ಟ್ರೀಟಿಗೆ ಹೋದಾಗ ಅಂಗಡಿಯ ಹುಡುಗ ಒಂದು ಮಿರುಗುವ ಸೊಂಟಪಟ್ಟಿ ತೋರಿಸಿ, "ಕಮ್ಮರ್‌ಬಂಡ್ ಮೇಡಂ, ಇಂಗ್ಲಿಷ್‌ನೋರ್ದು," ಎಂದ. ಖಾಲಾ ಜೊತೆಗಿದ್ದಿದ್ದರೆ ಮತ್ತೆ ಚಹಾ ಚೆಲ್ಲುತ್ತಿದ್ದಳು ಅನ್ನಿಸಿತು.

ಎರಡು ಸಾವಿರದ ದಶಕ ಮುಗಿಯುತ್ತಿದ್ದಾಗ ನನಗೆ ಮಗಳು ಹುಟ್ಟಿದಳು. ಕೆ.ಆರ್. ಪುರಂನ ಎರಡನೇ ಮಹಡಿಯ ಮನೆ. ಡಾಕ್ಟರು ಹೇಳಿದರೆಂದು ಅಮ್ಮ ಔಷಧದ ಅಂಗಡಿಯಿಂದ ಎಲಾಸ್ಟಿಕ್ ಬೆಲ್ಟು ತಂದಿದ್ದಳು. ಒಂದು ಮಧ್ಯಾಹ್ನ ಬೆಲ್ ಆಯಿತು. ಬಾಗಿಲು ತೆಗೆದರೆ ಚಿಕ್ಕಮ್ಮ, ಕೈಯಲ್ಲಿ ಬಟ್ಟೆಯ ಚೀಲ. ಅದೇ ನಡುಕಟ್ಟು, ಒಗೆದು, ಹೊಗೆ ಹಿಡಿದು ತಂದಿದ್ದಳು. ಒಳಗೆ ಬಾ ಎಂದು ಕೈ ಹಿಡಿದೆ. ಬಿಡಿಸಿಕೊಂಡಳು.

"ಬೇಡ ಕಣೇ. ಇಲ್ಲಿಂದ್ಲೇ ಹಿಡ್ಕೋತೀನಿ, ನೀನು ಸುತ್ಕೋ."

ನಾನು ಬೇಡಿಕೊಂಡೆ, ರೇಗಿದೆ, ಅತ್ತೆ. ಅವಳು ಹೊಸಿಲಿನ ಆಚೆಯೇ ತುದಿ ಹಿಡಿದು ನಿಂತಿದ್ದಳು. ಅಡುಗೆಮನೆಯಿಂದ ಬಂದ ಅಮ್ಮ ನೋಡಿ ಹಿಂದಕ್ಕೆ ಹೋದಳು. ಕೊನೆಗೆ ನಾನು ಗೋಡೆಯ ಬಳಿ ಹೋಗಿ ಬಟ್ಟೆಯನ್ನು ಹೊಟ್ಟೆಗೆ ಒತ್ತಿಕೊಂಡು ತಿರುಗತೊಡಗಿದೆ. ಒಂದೊಂದು ಸುತ್ತಿಗೂ ಅವಳ ಮುಖ ಬಂದು ಹೋಗುತ್ತಿತ್ತು, ಪ್ರತಿ ಸಲ ಇನ್ನಷ್ಟು ಹತ್ತಿರ. ಕೊನೆಯ ಸುತ್ತಿಗೆ ನಾನು ಹೊಸಿಲಿನ ಈಚೆ, ಅವಳು ಆಚೆ. ತುದಿಯನ್ನು ನನ್ನ ಸೊಂಟಕ್ಕೆ ಸಿಕ್ಕಿಸುತ್ತಿದ್ದಾಗ ಒಳಗೆ ಮಗು ಎದ್ದು ಅತ್ತಿತು. ಅವಳ ಕೈ ಅಲ್ಲೇ ನಿಂತಿತು.

"ಹೋಗು, ಹಸ್ಕೊಂಡಿದೆ," ಅಂದಳು. ಕೈ ತೆಗೆದು ಮೆಟ್ಟಿಲು ಇಳಿದಳು.

ಈಗ ಚಿಕ್ಕಮ್ಮನೂ ಇಲ್ಲ. ನನ್ನ ಮಗಳನ್ನು ಅವಳು ಒಮ್ಮೆಯೂ ಎತ್ತಿಕೊಳ್ಳಲಿಲ್ಲ. ವರ್ಷಕ್ಕೊಮ್ಮೆ ಆ ಬಟ್ಟೆಯನ್ನು ಬೀರುವಿನಿಂದ ತೆಗೆದು ಬಿಸಿಲಿಗೆ ಹಾಕುತ್ತೇನೆ. ಅಷ್ಟು ಉದ್ದದ ಬಟ್ಟೆ ಮಡಿಸಲು ಇಬ್ಬರು ಬೇಕು. ಒಂದು ತುದಿಯನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ, ಇನ್ನೊಂದನ್ನು ಹಿಡಿದು, ಒಬ್ಬಳೇ ಮಡಿಸುತ್ತೇನೆ.