ರಾವೂರಿನ ಸಣ್ಣ ಗಾಡಿಗೆ ಸುಳ್ಳು ಎಂಜಿನ್ ಒಲ್ಲೆ ಎಂದ ಅಸ್ಫಿಯಾ

ನವೆಂಬರಿನ ಒಂದು ಬೆಳಗು, ಆರು ಗಂಟೆ. ರಾವೂರಿನ ಹೊರಗೆ ಕೈಬಿಟ್ಟ ಕಲ್ಲುಗಣಿಯ ಅಂಚಿನಲ್ಲಿ ಅಸ್ಫಿಯಾ ಮಂಡಿಯೂರಿ ಕೂತಿದ್ದಾರೆ. ದುಪಟ್ಟಾವನ್ನು ಸೊಂಟಕ್ಕೆ ಬಿಗಿದಿದ್ದಾರೆ. ಬಾಯಲ್ಲಿ ಪೆನ್ಸಿಲ್, ಕೈಯಲ್ಲಿ ದರ್ಜಿಯ ಟೇಪು. ಎದುರಿಗೆ ತುಕ್ಕು ತಿಂದ ಕಬ್ಬಿಣದ ಡಬ್ಬಿಯೊಂದು ಅರ್ಧ ಮಣ್ಣಲ್ಲಿ ಹೂತು ಮಗ್ಗುಲಾಗಿ ಬಿದ್ದಿದೆ. ಒಂದು ಕಾಲಕ್ಕೆ ಎರಡಡಿ ಅಗಲದ ಹಳಿಯ ಮೇಲೆ ಕಲ್ಲು ಹೊತ್ತು ವಾಡಿಯ ಕಡೆಗೆ ಓಡುತ್ತಿದ್ದ ಪುಟ್ಟ ರೈಲಿನ ಡಬ್ಬಿ ಇದು. ಅಂಥವು ಮೂವತ್ತೆಂಟು ಇದ್ದವು. ಉಳಿದಿರುವುದು ಇದೊಂದೇ. ಒಂಬತ್ತಕ್ಕೆ ಗುಜರಿ ಅಂಗಡಿಯ ತಾರೀಕ ಎಂಬಾತ ಅದನ್ನು ತುಂಡರಿಸಲು ಗ್ಯಾಸ್ ಕಟರ್ ತೆಗೆದುಕೊಂಡು ಬರುತ್ತಾನೆ.

ಅಷ್ಟರೊಳಗೆ ಅಳತೆ ಮುಗಿಯಬೇಕು. ಗಾಲಿಯ ಸುತ್ತಳತೆ, ತಗಡಿನ ದಪ್ಪ, ತಗಡು ಬೆಸೆದ ಒಂದು ರಿವೆಟ್ಟಿನಿಂದ ಇನ್ನೊಂದಕ್ಕೆ ಎಷ್ಟು ಅಂತರ. ಒಂದೊಂದನ್ನೂ ಎರಡು ಸಲ ಅಳೆದು ಬರೆಯುತ್ತಾರೆ. ಮೊಬೈಲಿನಲ್ಲಿ ನೂರಾ ಅರವತ್ತು ಫೋಟೊ. ಹೇಳಿದ ಹೊತ್ತಿಗೆ ಬಂದ ತಾರೀಕ ಅವರನ್ನು ನೋಡಿ ಟೆಂಪೊ ನೆರಳಿಗೆ ನಿಲ್ಲಿಸಿ ಅರ್ಧ ಗಂಟೆ ಕಾಯುತ್ತಾನೆ.

ಅಸ್ಫಿಯಾಗೆ ಮೂವತ್ತಾರು. ಶಹಾಬಾದಿನ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನರ್. ಹುಟ್ಟುಹಬ್ಬ, ಶ್ರದ್ಧಾಂಜಲಿ, ಪುಢಾರಿಗಳ ಸ್ವಾಗತ ಎಂದು ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಫ್ಲೆಕ್ಸ್ ಅವರ ಕೈಯಿಂದ ಹೊರಬೀಳುತ್ತವೆ. ಅಂಗಡಿ ತೆಗೆಯುವ ಮೊದಲಿನ ಮೂರು ಗಂಟೆ ಮಾತ್ರ ಅವರ ಸ್ವಂತದ್ದು. ಆ ಹೊತ್ತಿನಲ್ಲಿ ಆರು ವರ್ಷದಿಂದ ಕಂಪ್ಯೂಟರಿನೊಳಗೆ ಒಂದು ರೈಲು ಮಾರ್ಗ ಕಟ್ಟುತ್ತಿದ್ದಾರೆ. ರೈಲು ಓಡಿಸುವ ಆಟದ ಸಾಫ್ಟ್‌ವೇರ್‌ನಲ್ಲಿ, ರಾವೂರಿನ ಗಣಿಯಿಂದ ವಾಡಿಯ ದೊಡ್ಡ ಹಳಿಯವರೆಗೆ ನಾಲ್ಕೂಮುಕ್ಕಾಲು ಕಿಲೊಮೀಟರು. ವರ್ಷ ೧೯೬೪. ಅವರ ಅಜ್ಜ ಬಂದೇನವಾಜ್ ಆ ಗಾಡಿಗೆ ಬ್ರೇಕಿನವರಾಗಿ ಸೇರಿದ ವರ್ಷ ಅದು.

ಅಜ್ಜನ ಬಲಗೈಗೆ ಮೂರೇ ಬೆರಳು. ಎರಡನ್ನು ಬ್ರೇಕು ತಿಂದಿತು ಎನ್ನುತ್ತಿದ್ದರು, ಅದರಾಚೆ ಹೇಳುತ್ತಿರಲಿಲ್ಲ. ಉಳಿದ ಬೆರಳುಗಳಲ್ಲಿ ಸೀಮೆಸುಣ್ಣ ಹಿಡಿದು ಮನೆಯ ಕಲ್ಲುಹಾಸಿನ ಮೇಲೆ ಮೊಮ್ಮಗಳಿಗೆ ಹಳಿ ಬರೆದು ತೋರಿಸುತ್ತಿದ್ದರು: ಇಲ್ಲಿ ತಿರುವು, ಇಲ್ಲಿ ಇಳಿಜಾರು, ಇಲ್ಲಿ ನೀರಿನ ತೊಟ್ಟಿ. ಅಸ್ಫಿಯಾ ಒಂಬತ್ತನೇ ಇಯತ್ತೆಯಲ್ಲಿದ್ದಾಗ ಅಜ್ಜ ತೀರಿಕೊಂಡರು. ಹಳಿ ಅದಕ್ಕೂ ಎಷ್ಟೋ ಮೊದಲೇ ಕಿತ್ತುಹೋಗಿತ್ತು.

ಇಂಥ ಆಟಗಳಿಗೆ ಎಂಜಿನ್, ಡಬ್ಬಿ, ಗಿಡ, ಮನೆ, ಮನುಷ್ಯರು ಎಲ್ಲ ಇಂಟರ್ನೆಟ್‌ನಲ್ಲಿ ಸಿದ್ಧವಾಗಿ ಸಿಗುತ್ತವೆ. ಸಿಗುವುದು ಬಹುತೇಕ ಪರದೇಶದ್ದು, ಇಲ್ಲವೆಂದರೆ ಬೆಟ್ಟದ ಮೇಲಿನ ಪ್ರವಾಸಿ ರೈಲಿನದು. ಅದನ್ನೇ ಹಾಕಿಬಿಡು, ಯಾರಿಗೆ ಗೊತ್ತಾಗುತ್ತದೆ ಎಂದು ಜೊತೆಯ ಹವ್ಯಾಸಿಗಳು ಸಲಹೆ ಕೊಟ್ಟರು. ಅಸ್ಫಿಯಾ ಕೇಳಲಿಲ್ಲ. ೧೯೬೪ರಲ್ಲಿ ರಾವೂರಿನಲ್ಲಿ ಇಲ್ಲದ್ದು ತನ್ನ ಪರದೆಯ ಮೇಲೂ ಇರಕೂಡದು ಎನ್ನುವುದು ಅವರ ಕಟ್ಟಳೆ. ಪುಕ್ಕಟೆ ಸಿಕ್ಕ ಹಳ್ಳಿಯೊಂದರಲ್ಲಿ ನಲವತ್ತಮೂರು ಪ್ಲಾಸ್ಟಿಕ್ ಕೊಡಗಳಿದ್ದವು. ಒಂದೊಂದಾಗಿ ತೆಗೆದು ಮಣ್ಣಿನ ಗಡಿಗೆ ಮಾಡಿಟ್ಟರು. ಸಿಮೆಂಟಿನ ಲೈಟ್ ಕಂಬ ಕಿತ್ತರು. ಈವರೆಗೆ ಕೂಡಿದ ಇನ್ನೂರ ಹದಿನಾಲ್ಕು ಸಾಮಾನುಗಳಲ್ಲಿ ಹೊರಗಿನಿಂದ ತಂದದ್ದು ಮೂವತ್ತೊಂದು. ಉಳಿದವೆಲ್ಲ ಅವರ ಕೈಯವು.

“ನಮ್ಮ ಮುತ್ಯಾ ದುಡದದ್ದು ಈ ಗಾಡಿ ಮ್ಯಾಲ. ಮತ್ತೊಬ್ಬರ ಊರಿನ ಗಾಡಿ ತಂದು ಇಟ್ಟು ಇದೇ ಅದು ಅನ್ನಲಿಕ್ಕ ನಂಗ ಬರಂಗಿಲ್ಲರಿ,” ಎನ್ನುತ್ತಾರೆ ಅಜ್ಜನನ್ನು ನೆನೆದು.

ಆ ದಿನ ತಾರೀಕನ ಕಟರ್ ಡಬ್ಬಿಯನ್ನು ಮುಕ್ಕಾಲು ಗಂಟೆಯಲ್ಲಿ ತುಂಡು ಮಾಡುತ್ತದೆ. ಅಸ್ಫಿಯಾ ಕೊನೆಯವರೆಗೂ ನಿಂತು ನೋಡುತ್ತಾರೆ. ಅಳತೆಯೆಲ್ಲ ಸಿಕ್ಕಿದೆ, ಒಂದನ್ನು ಬಿಟ್ಟು: ಬ್ರೇಕು ಒತ್ತುವ ಸನ್ನೆಕೋಲು ಎಲ್ಲಿತ್ತು ಎನ್ನುವ ಗುರುತೇ ಡಬ್ಬಿಯ ಮೇಲಿಲ್ಲ. ಅವರ ಮಾದರಿಯಲ್ಲಿ ಎರಡು ವರ್ಷದಿಂದ ಕಬ್ಬಿಣದ ಸನ್ನೆಯೊಂದಿದೆ, ಊಹೆಯ ಮೇಲೆ ಮಾಡಿದ್ದು. ನೇರ ಊರೊಳಗೆ ನಡೆದು, ಆ ಗಣಿಯಲ್ಲಿ ಡಬ್ಬಿ ತುಂಬುತ್ತಿದ್ದ ಶಿವಕಾಂತಮ್ಮನವರ ಮನೆ ಬಾಗಿಲು ಬಡಿಯುತ್ತಾರೆ. ಅವರಿಗೆ ಈಗ ಎಪ್ಪತ್ತೆಂಟು. ಕೂಲಿಗೆ ಹೋದಾಗ ಹದಿನಾರು.

ಶಿವಕಾಂತಮ್ಮ ಮೊಬೈಲಿನಲ್ಲಿ ಕಂಪ್ಯೂಟರಿನ ರೈಲು ಮಾರ್ಗದ ಚಿತ್ರ ನೋಡಿ, ಹೀಗಲ್ಲ ಎಂದು ತಲೆಯಾಡಿಸುತ್ತಾರೆ. ಈ ಜಾಲಿ ಗಿಡ ಆಗ ಇರಲಿಲ್ಲ, ತೊಗರಿ ಹೊಲ ಇತ್ತು, ಬೇವು ಇತ್ತು ಎಂದು ತಿದ್ದುತ್ತಾರೆ. ಆಮೇಲೆ ಬೆರಳು ಸನ್ನೆಯ ಮೇಲೆ ಬಂದು ನಿಲ್ಲುತ್ತದೆ.

“ಇದೇನಿದು? ಬ್ರೇಕ್ ಎಲ್ಲಿತ್ತು ಬೇಟಿ? ಬೇವಿನ ಕಟ್ಟಿಗಿ ಇರ್ತಿತ್ತು. ಗಾಲಿಗೂ ಡಬ್ಬಿಗೂ ನಡುವ ತುರುಕಿ ಮೈಭಾರ ಹಾಕಿ ಒತ್ತತಿದ್ರು. ಕಟ್ಟಿಗಿ ಜಾರಿದ್ರ ಕೈ ಬೆರಳು ಹೋಗ್ತಿದ್ದು. ನಿಮ್ಮ ಮುತ್ಯಾಂದು ಹಂಗೇ ಹೋದವು. ನನ್ನ ಸೆರಗು ಹರದೇ ಕೈ ಕಟ್ಟೀವಿ.”

ಅಸ್ಫಿಯಾ ಕಟ್ಟಿಗೆಯ ಉದ್ದ, ದಪ್ಪ ಕೇಳಿ ಬರೆದುಕೊಳ್ಳುತ್ತಾರೆ. ಮರುದಿನ ಬೆಳಿಗ್ಗೆ ಕಬ್ಬಿಣದ ಸನ್ನೆಯನ್ನು ಅಳಿಸಿ, ಹಿಡಿಕೆಯ ಕಡೆ ನುಣುಪಾದ, ಗಾಲಿಗೆ ಉಜ್ಜಿ ತುದಿ ಸುಟ್ಟಂತೆ ಕಪ್ಪಾದ ಕಟ್ಟಿಗೆಯೊಂದನ್ನು ಮಾಡುತ್ತಾರೆ. ಅದೊಂದಕ್ಕೆ ಹನ್ನೊಂದು ದಿನ ಹಿಡಿಯುತ್ತದೆ.

ಫೆಬ್ರುವರಿಯಲ್ಲಿ ಒಂದು ಸಂಸ್ಥೆಯವರು ಹುಡುಕಿಕೊಂಡು ಬರುತ್ತಾರೆ. ಪರಂಪರೆಯ ಪ್ರದರ್ಶನ, ದೊಡ್ಡ ಪರದೆ, ಗಣ್ಯರು, ಹತ್ತು ನಿಮಿಷ ಅಸ್ಫಿಯಾ ಅವರ ರೈಲು. ಮೊದಲ ಸಲ ಯಾರೋ ಕೇಳಿದ್ದಾರೆಂದು ಅವರು ಹಿಗ್ಗುತ್ತಾರೆ. ಮೂರು ದಿನಕ್ಕೆ ತಿದ್ದುಪಡಿಗಳು ಬರುತ್ತವೆ. ತಗಡಿನ ಚಪ್ಪರದ ಆ ಸಣ್ಣ ಡೀಸೆಲ್ ಎಂಜಿನ್ ಕಳೆಗಟ್ಟುವುದಿಲ್ಲ, ಹೊಗೆ ಬಿಡುವ ಹಸಿರು ಎಂಜಿನ್ ಹಾಕಿ. ಕಟ್ಟಿಗೆಯ ಬ್ರೇಕು ಅಸಹ್ಯವಾಗಿ ಕಾಣುತ್ತದೆ. ಕಲ್ಲು ಹೊತ್ತ ಹೆಂಗಸರನ್ನು ತೆಗೆಯಿರಿ, ಅತಿಥಿಗಳಿಗೆ ಸರಿ ಅನಿಸಲಿಕ್ಕಿಲ್ಲ.

ಅಸ್ಫಿಯಾ ಆ ಸಂಸ್ಥೆಯ ಕಚೇರಿಗೇ ಹೋಗುತ್ತಾರೆ. ಇದ್ದದ್ದನ್ನು ಇದ್ದಂತೆ ತೋರಿಸುವುದಾದರೆ ತೋರಿಸಿ ಎನ್ನುತ್ತಾರೆ. ಹಾಗಾದರೆ ಆಮಂತ್ರಣದಲ್ಲಿ ನಿಮ್ಮ ಹೆಸರು ಇರುವುದಿಲ್ಲ ಎಂಬ ಉತ್ತರ ಬರುತ್ತದೆ.

“ಹೆಸರು ತೆಗೀರಿ, ಗಾಡೀನೂ ತೆಗೀತೀನಿ,” ಎಂದು ಹೇಳಿ, ಮೇಜಿನ ಮೇಲಿದ್ದ ತಮ್ಮ ಪೆನ್‌ಡ್ರೈವ್ ಎತ್ತಿಕೊಂಡು ಹೊರಗೆ ಬರುತ್ತಾರೆ.

ಮುಂದಿನ ಭಾನುವಾರ ಸಂಜೆ ರಾವೂರಿನಲ್ಲಿ ಅವರದೇ ಪ್ರದರ್ಶನ. ಹಳೆಯ ಫ್ಲೆಕ್ಸ್ ಒಂದನ್ನು ತಿರುವಿ, ಅದರ ಬಿಳಿಯ ಹಿಂಬದಿಯನ್ನು ಸಮುದಾಯ ಭವನದ ಗೋಡೆಗೆ ಕಟ್ಟುತ್ತಾರೆ. ಬಾಡಿಗೆಯ ಪ್ರೊಜೆಕ್ಟರ್. ಹತ್ತು ಮಂದಿ ಬಂದರೆ ಹೆಚ್ಚು ಎಂದುಕೊಂಡಲ್ಲಿ ಎಪ್ಪತ್ತಕ್ಕೂ ಮೇಲೆ ಜನ. ಗಾಡಿ ಹೊರಡುತ್ತದೆ. ತೊಗರಿ ಹೊಲ ದಾಟುತ್ತದೆ, ತಿರುವಿನಲ್ಲಿ ಕಿರಗುಟ್ಟುತ್ತದೆ. ಡಬ್ಬಿ ನೂಕಿದ್ದೂ ನಾವೇ ಎಂದು ಹೆಂಗಸರ ಸಾಲಿನಿಂದ ದನಿ ಬರುತ್ತದೆ. ಗಣಿಯ ಕಚೇರಿಯಲ್ಲಿದ್ದ ವೃದ್ಧರೊಬ್ಬರು ಮಾತ್ರ, ಹೆಂಗಸರು ಬುಟ್ಟಿ ಹೊತ್ತಿರಬಹುದು, ಡಬ್ಬಿ ನೂಕುತ್ತಿದ್ದವರು ಗಂಡಸರೇ ಎಂದು ತಕರಾರು ಎತ್ತುತ್ತಾರೆ.

ಶಿವಕಾಂತಮ್ಮ ಗೋಡೆ ಹಿಡಿದು ಎದ್ದು ನಿಲ್ಲುತ್ತಾರೆ.

“ನೀವು ಒಳಗ ಕುಂತಿದ್ರಿ ಸಾಹೇಬ್ರ. ನಾ ಹೊರಗ ಇದ್ದೆ. ಎಂಜಿನ್ ಕೆಟ್ಟ ದಿವಸ ನೂಕಿದವರು ನಾವು, ಹನ್ನೆರಡು ಮಂದಿ ಹೆಣ್ಮಕ್ಕಳು. ಹೆಸರು ಬೇಕಾದ್ರ ಹೇಳ್ತೀನಿ, ಬರ್ಕೋರಿ.”

ಹೇಳುತ್ತಾರೆ ಕೂಡ. ಹನ್ನೆರಡೂ ಹೆಸರನ್ನು ಅಸ್ಫಿಯಾ ಬರೆದುಕೊಳ್ಳುತ್ತಾರೆ. ಆ ವೃದ್ಧರು ಕನ್ನಡಕ ತೆಗೆದು ಒರೆಸಿ, ಇರಬಹುದು ಎಂದು ಕೂಡುತ್ತಾರೆ. ಅಂದಿನಿಂದ ಪರದೆಯ ಮೇಲೆ ಕೆಟ್ಟು ನಿಂತ ಗಾಡಿಯನ್ನು ಹನ್ನೆರಡು ಹೆಂಗಸರು ನೂಕುವ ದೃಶ್ಯವೂ ಸೇರಿದೆ.

ಈಚೆಗೆ ಅಸ್ಫಿಯಾ ತಮ್ಮ ಡಬ್ಬಿಯ ಮಾದರಿಯನ್ನು ಯಾರು ಬೇಕಾದರೂ ಬಳಸಲೆಂದು ಇಂಟರ್ನೆಟ್‌ನಲ್ಲಿ ಇಟ್ಟಿದ್ದಾರೆ. ತಿಂಗಳೊಪ್ಪತ್ತಿನಲ್ಲಿ ಒಂಬೈನೂರು ಮಂದಿ ಇಳಿಸಿಕೊಂಡಿದ್ದಾರೆ. ಬೇರೆ ದೇಶದ ಹವ್ಯಾಸಿಯೊಬ್ಬ ಮೆಚ್ಚಿ ಪತ್ರ ಬರೆದು, ಒಂದೇ ಒಂದು ಬದಲಾವಣೆ ಬೇಡಿದ. ಮಾದರಿಗಿಟ್ಟ ‘ರಾವೂರ’ ಎಂಬ ಹೆಸರು ತಮ್ಮವರ ಬಾಯಿಗೆ ಒಗ್ಗುವುದಿಲ್ಲ, ಸುಮ್ಮನೆ ‘ಇಂಡಿಯಾದ ಗಣಿ ಡಬ್ಬಿ’ ಎಂದು ಹೆಸರಿಡಬಹುದೇ?

ಏನು ಉತ್ತರ ಕೊಟ್ಟಿರಿ ಎಂದು ಕೇಳಿದರೆ, ಅಂಗಡಿಯ ಶಟರ್ ಎತ್ತುತ್ತಲೇ ಅಸ್ಫಿಯಾ ಹೇಳುತ್ತಾರೆ:

“ಅವರ ಊರಿನ ಹೆಸರು ನಾವು ಸಾಲ್ಯಾಗ ಕಲ್ತೀವಲ್ಲರಿ, ನಾಲಿಗಿ ಹೊರಳದಿದ್ರೂ. ನಮ್ಮ ಊರಿಂದು ಮೂರೇ ಅಕ್ಷರ. ಕಲೀರಿ ಅಂತ ಬರ್ದೀನಿ.”