ಲೋವ್ರೆ ಕೇಳಿದ ಒಂದು ಬುಟ್ಟಿ ಬೂತಾಯಿ

ನಮ್ಮ ದ್ವೀಪದಲ್ಲಿ ಮೀನು ಹಿಡಿದು ಬಂದವನನ್ನು ಏನು ಸಿಕ್ಕಿತು ಎಂದು ಕೇಳಿದರೆ ಉತ್ತರ ಒಂದೇ: "ಏನಿಲ್ಲ." ದೋಣಿ ಅಂಚಿನವರೆಗೆ ಮುಳುಗಿದ್ದರೂ ಏನಿಲ್ಲ. ನಿಜ ಹೇಳಿದರೆ ಮರುದಿನ ಆ ಜಾಗದಲ್ಲಿ ಊರಿನ ದೋಣಿಗಳೆಲ್ಲ ಬಂದು ನಿಂತಿರುತ್ತವೆ. ಈ ಸುಳ್ಳು ನಮ್ಮ ಅಪ್ಪಂದಿರು ಬಿಟ್ಟುಹೋದ ಆಸ್ತಿ.

ಮುಷ್ಕರ ಹೂಡಿ ಬಂದರಿನ ರಸ್ತೆಗೆ ಅಡ್ಡ ಬಲೆ ಎಳೆದು ನಾನೂ ಗೆಳೆಯ ಲೋವ್ರೆಯೂ ಪೊಲೀಸರ ಲಾಠಿ ತಿಂದ ಕಾಲದಲ್ಲಿ ಅವನಿಗೆ ಸ್ವಂತ ದೋಣಿ ಇತ್ತು. ಅದು ಹೋದ ಮೇಲೆ ಕಡಲಿನ ಮೀನು ಎಣಿಸುವ ಸರ್ಕಾರದ ಸಮೀಕ್ಷೆ ಹಡಗಿನಲ್ಲಿ ಬಲೆ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ. ಊರು ಅವನನ್ನು 'ಎಣಿಸುವವರ ನಾಯಿ' ಎಂದಿತು. ಮೊದಲು ಅಂದವನು ಅವನ ಅಕ್ಕನ ಗಂಡ ದುಯಾಮ್.

ಹಡಗು ಕಡಲೊಳಗೆ ಸದ್ದು ಬಿಡುತ್ತದೆ. ಮೀನಿನ ಹಿಂಡಿಗೆ ಬಡಿದು ಮರಳಿದ ಸದ್ದು ಪರದೆಯ ಮೇಲೆ ಕೆಂಪು ಮೋಡವಾಗುತ್ತದೆ. ಎಷ್ಟಿದೆ ಎಂದು ಮೋಡ ಹೇಳುತ್ತದೆ, ಯಾವ ಮೀನು ಎಂದು ಹೇಳುವುದಿಲ್ಲ. ಅದಕ್ಕೆ ಬಲೆ ಇಳಿಸಿ ಎಳೆಯಬೇಕು. ಆ ವರ್ಷ ಬೂತಾಯಿ ಮೀನಿನ ಲೆಕ್ಕ ಕಡಿಮೆ ಬಂದರೆ ಬೇಸಿಗೆಯಿಡೀ ಮೀನು ಹಿಡಿಯಲು ಬಿಡದೆ ದೋಣಿ ಕಟ್ಟಿಹಾಕುತ್ತಾರೆಂದು ಎಲ್ಲರಿಗೂ ಗೊತ್ತಿತ್ತು.

ಒಂದು ಬೆಳಿಗ್ಗೆ ಪರದೆಯ ಮೇಲೆ ದೊಡ್ಡ ಮೋಡ ಎದ್ದಿತು. ಇಳಿಸಿದ ಬಲೆ ಬಂಡೆಗೆ ಸಿಕ್ಕಿ ಹರಿಯಿತು. ಮೇಲೆ ಬಂದದ್ದು ಬರೀ ಲೋಳೆಮೀನು. ಲೋವ್ರೆಯ ಮೊಣಕೈವರೆಗೆ ಸಿಂಬಳದಂಥ ಲೋಳೆ. ಬಿರುಗಾಳಿ ಏಳುತ್ತಿತ್ತು, ಮತ್ತೊಮ್ಮೆ ಇಳಿಸುವಂತಿರಲಿಲ್ಲ. ಅದೇ ಜಾಗದಿಂದ ದುಯಾಮನ ದೋಣಿ ತುಂಬು ಬಸುರಿಯ ಹಾಗೆ ತೂಗುತ್ತ ಮರಳುತ್ತಿತ್ತು.

"ಆ ದೋಣಿಯೋನು ಒಂದು ಬುಟ್ಟಿ ಮೀನು ಕೊಟ್ರೆ ಸಾಕು, ಈ ಮೋಡ ಬೂತಾಯೀಂತ ಬರ್ಕೋತೀನಿ," ಎಂದಳು ಸಮೀಕ್ಷೆಯ ಮುಖ್ಯಸ್ಥೆ ವ್ಲಾತ್ಕಾ. "ನೀನೇ ಕೇಳು, ನಿಮ್ಮೋನು."

ಲೋವ್ರೆ ರೇಡಿಯೋ ಎತ್ತಿದ. "ಭಾವ, ಏನ್ ಸಿಕ್ತು?"

"ಏನಿಲ್ಲ ಕಣೋ."

"ದೋಣಿ ಮುಳುಗ್ತಾ ಇದೆ ಭಾವ!"

"ನಿಮ್ಮಕ್ಕ ಕೂತಿದಾಳೆ ಒಳಗೆ."

ಎಲ್ಲೆಲ್ಲೋ ಇದ್ದ ಬೇರೆ ದೋಣಿಯವರು ರೇಡಿಯೋದಲ್ಲಿ ಕಿಸಕ್ಕನೆ ನಕ್ಕರು.

"ತಮಾಷೆ ಬೇಡ. ಇದು ಲೆಕ್ಕಕ್ಕೆ ಹೋಗತ್ತೆ. ಒಂದು ಬುಟ್ಟಿ ಕೊಡು, ಇಲ್ಲಾಂದ್ರೆ ಬೇಸಿಗೇಲಿ ಎಲ್ರೂ ಮಣ್ಣು ತಿನ್ಬೇಕು."

"ಬರೀ ಲೋಳೆ ಕಣೋ. ಬೇಕಾ, ನೆಕ್ತೀಯಾ?"

ವ್ಲಾತ್ಕಾ ಆ ಮೋಡವನ್ನು 'ಗುರುತಿಲ್ಲದ್ದು' ಎಂದು ಹಾಕಿದಳು; ಬೂತಾಯಿಯ ಲೆಕ್ಕಕ್ಕೆ ಅದು ಸೇರಲಿಲ್ಲ. "ನಿನ್ನ ಕಣ್ಣನ್ನ ನಂಬ್ತೀನಿ ಲೋವ್ರೆ. ಆದ್ರೆ ನೋಡಿದ್ದೇ ಸಾಕು ಅಂತ ಬರೆಯೋ ಹಾಗಿಲ್ಲ."

ಆ ಭಾನುವಾರ ಅಕ್ಕ ಕೆಂಡದ ಮೇಲೆ ಸುಟ್ಟ ಬೂತಾಯಿ ಬಡಿಸಿದಳು. "ತಿನ್ನೋ, ಏನಿಲ್ಲದ ಮೀನು," ಎಂದು ದುಯಾಮ್ ಹಲ್ಲು ಕಿರಿದ. ಲೋವ್ರೆ ತಟ್ಟೆ ತಳ್ಳಿ ಎದ್ದ.

ಲೆಕ್ಕ ಕಡಿಮೆ ಬಂತು. ದೋಣಿಗಳನ್ನು ಕಟ್ಟಿಹಾಕಿಸಿದರು. ನಾವು ಮತ್ತೆ ರಸ್ತೆಗೆ ಬಲೆ ಎಳೆದೆವು. ಒಂದು ತುದಿ ಹಿಡಿದದ್ದು ಲೋವ್ರೆ. ಕೆಲಸ ಹೋದರೂ ಸರಿ ಎಂದು ಬಂದಿದ್ದ. ದುಯಾಮ್ ಪೀಪಾಯಿ ಹತ್ತಿ ಅರಚುತ್ತಿದ್ದ: "ಎಣಿಸೋರು ಕುರುಡ್ರು! ಕಡಲ್ ತುಂಬ ಮೀನಿದೆ!"

"ಇದೆಯಲ್ವಾ ಭಾವ?" ಎಂದ ಲೋವ್ರೆ. "ಆವತ್ತು ಬೆಳಿಗ್ಗೆ ನಿಂಗೆ ಏನ್ ಸಿಕ್ತು, ಎಲ್ಲಿ ಸಿಕ್ತು, ಎಲ್ಲರ ಮುಂದೆ ಹೇಳು. ಹೇಳಿದ್ರೆ ಅಲ್ಲೇ ಮತ್ತೆ ಬಲೆ ಇಳಿಸೋಕೆ ಮೇಡಂ ಒಪ್ಪಿದಾರೆ."

ದುಯಾಮ್ ಬಾಯಿ ತೆರೆದ. ಸುತ್ತ ಉಳಿದ ದೋಣಿಗಳ ಯಜಮಾನರು ಹತ್ತಿರ ಸರಿದು ನಿಂತರು, ಆ ಜಾಗ ಯಾವುದೆಂದು ಕೇಳಿಸಿಕೊಳ್ಳಲು.

"ಏನಿಲ್ಲ," ಎಂದ ದುಯಾಮ್.

ಲೋವ್ರೆ ಪೀಪಾಯಿಯ ಬುಡಕ್ಕೆ ಕ್ಯಾಕರಿಸಿ ಉಗಿದು, ಬಲೆಯ ತುದಿಯನ್ನು ನೆಲಕ್ಕೆ ಬಿಸಾಡಿ ಮನೆಗೆ ನಡೆದ. ಅದನ್ನು ಯಾರೂ ಎತ್ತಿಕೊಳ್ಳಲಿಲ್ಲ. ಬಲೆಯ ತಡೆಗೆ ಕಾದು ನಿಂತಿದ್ದ ಲಾರಿಗಳು ಅದರ ಮೇಲೆಯೇ ಹಾದುಹೋದವು.